ಬೇಳೆ ಒಡೆಯಬಾರದು

ಸಂತಾಪಸಭೆಯಲ್ಲಿ ಮೂರು ಜನ ಮಾತನಾಡಿದರು. ಮೂವರೂ ತೀರಿಕೊಂಡ ನಮ್ಮ ಎದುರು ಮನೆಯವರನ್ನು ಶಾಂತ ಸ್ವಭಾವದವರು ಎಂದರು. ಮೊದಲನೆಯವರು ಹಾಗೆಂದಾಗ ಪಕ್ಕದಲ್ಲಿದ್ದ ನನ್ನ ಹೆಂಡತಿ ನನ್ನ ಮುಖ ನೋಡಿದಳು. ಎರಡನೆಯವರು, ಅವರು ಯಾರಿಗೂ ಎದುರಾಡಿದ್ದನ್ನೇ ತಾವು ಕಂಡಿಲ್ಲ ಎಂದಾಗ ಹಿಂದಿನ ಸಾಲಿನಲ್ಲಿದ್ದ ನಮ್ಮ ಬೀದಿಯ ಹೆಂಗಸರು ಗುಸುಗುಸು ಶುರುಮಾಡಿದರು. ಮೂರನೆಯವರು ಮುಗಿಸುವ ಹೊತ್ತಿಗೆ ನನಗೆ ಸಿಟ್ಟೇ ಬಂದಿತ್ತು. ಹೋದವರ ಬಗ್ಗೆ ಒಳ್ಳೆಯ ಮಾತಾಡಬೇಕು, ಒಪ್ಪಿದೆ. ಆದರೆ ಆ ಮಾತು ಹೋದವರ ಬಗ್ಗೆಯೇ ಇರಬೇಕಲ್ಲ. ಅವರು ಆ ಸಭೆಯಲ್ಲಿದ್ದಿದ್ದರೆ ಎದ್ದು ನಿಂತು, ಇದಕ್ಕೆ ಆಧಾರ ಏನು ಎಂದು ಕೇಳುತ್ತಿದ್ದರು.

ಅಲ್ಲಿ ಹೇಳಬೇಕಾಗಿದ್ದದ್ದು ಬೇರೆಯೇ ಇತ್ತು. ಹೇಳಲು ನನ್ನನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೂ ನಾನು ತಡವರಿಸುತ್ತಿದ್ದೆ, ಯಾಕೆಂದರೆ ಅದರಲ್ಲಿ ನನ್ನ ತಪ್ಪಿನದೂ ಒಂದು ಪಾಲಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ತಾವು ಮಾಡಿದ ಬೇಳೆ ಹಿತುಕುವ ಯಂತ್ರದ ಮೇಲೇ ಅವರು ಹೆಸರು ಹಾಕಿಸಲಿಲ್ಲ. ಹಾಕಿಸಿ ಎಂದು ನಾನು ಒತ್ತಾಯ ಮಾಡಿದಾಗ, "ಹೆಸ್ರು ಹಾಕಿದ್ರೆ ಬೇಳೆ ಒಡೆಯೋದು ಕಮ್ಮಿ ಆಗತ್ತಾ?" ಎಂದು ಕೇಳಿದ್ದರು. ಬೀದಿಯವರೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ಇಲ್ಲಿಯೂ ಹಾಗೇ ಇರಲಿ.

ನಮ್ಮದು ಗವಿಪುರಂನ ಒಂದು ಸಣ್ಣ ಬೀದಿ. ಅವರದು ನಮ್ಮ ಎದುರು ಮನೆ. ಹುಡುಗಿಯರ ತಾಂತ್ರಿಕ ತರಬೇತಿ ಶಾಲೆಯೊಂದರಲ್ಲಿ ವರ್ಕ್‌ಶಾಪ್ ಕಲಿಸಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ, ಯಾಕೆ ಎಂದು ಕೇಳುವ ಧೈರ್ಯ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಗಂಜಿ ಹಾಕಿದ ಹತ್ತಿ ಸೀರೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದು, ಗಿಡ್ಡಗೆ ಕತ್ತರಿಸಿದ ಉಗುರು. ಕೈಚೀಲದಲ್ಲಿ ಕುಂಕುಮದ ಡಬ್ಬಿಯ ಪಕ್ಕದಲ್ಲೇ ಒಂದು ಉಕ್ಕಿನ ಕ್ಯಾಲಿಪರ್ ಇರುತ್ತಿತ್ತು. ಕೂದಲೆಳೆಯ ದಪ್ಪವನ್ನೂ ಅಳೆಯುವ ಸಾಧನ ಅದು. ಒಮ್ಮೆ ಬೀದಿ ಕೊನೆಯ ಹೋಟೆಲಿನಲ್ಲಿ ಇಡ್ಲಿ ತೆಳ್ಳಗಾಗಿದೆ ಎಂದು ಯಾರೋ ಗೊಣಗಿದಾಗ ಮೇಡಂ ತಟ್ಟೆಯ ಇಡ್ಲಿಗೆ ಕ್ಯಾಲಿಪರ್ ಹಿಡಿದು, ಹೋದ ತಿಂಗಳಿಗಿಂತ ನಾಲ್ಕು ಮಿಲಿಮೀಟರ್ ಕಡಿಮೆ ಎಂದು ಗಲ್ಲಾದವರಿಗೆ ತಿಳಿಸಿದ್ದರು. ಹೋದ ತಿಂಗಳು ಅಳೆದಿದ್ದು ಯಾಕೆ ಎಂದು ಗಲ್ಲಾದವರು ಕೇಳಿದರು. ಇಂಥ ದಿನ ಬರಬಹುದು ಅಂತ, ಎಂದರಂತೆ. ಮರುದಿನದಿಂದ ಇಡ್ಲಿ ಮೊದಲಿನ ಹಾಗೆ ಊದಿಕೊಂಡು ಬಂತು.

"ಅಭಿಪ್ರಾಯ ಆಮೇಲೆ ಹೇಳಿ, ಮೊದ್ಲು ಅಳತೆ ಹೇಳಿ." ಇದು ಅವರ ಮಾತು. ಶಾಲೆಯ ಹುಡುಗಿಯರಿಗೂ ಅದೇ, ನಮಗೂ ಅದೇ. ಅವರ ಹತ್ತಿರ ಕಲಿತ ಹುಡುಗಿಯೊಬ್ಬಳು ನನಗೆ ಹೇಳಿದ್ದಳು: ಸೇರಿದ ಮೊದಲ ತಿಂಗಳು ಪೂರ್ತಿ ಒಂದು ಕಬ್ಬಿಣದ ತುಂಡನ್ನು ಅರದಲ್ಲಿ ಉಜ್ಜಿ ಸಮ ಮಾಡುವುದೇ ಕೆಲಸವಂತೆ. ಅಳುಬಂದರೆ ಅಳಬಹುದಿತ್ತಂತೆ, ಉಜ್ಜುವುದನ್ನು ನಿಲ್ಲಿಸುವ ಹಾಗಿರಲಿಲ್ಲವಂತೆ.

ನಾನು ಬಸವನಗುಡಿಯಲ್ಲಿ ಒಬ್ಬ ಪೇಟೆಂಟ್ ವಕೀಲರ ಕಚೇರಿಯಲ್ಲಿ ಗುಮಾಸ್ತ. ಯಾರಾದರೂ ಹೊಸದೊಂದು ಕಂಡುಹಿಡಿದರೆ ಅದರ ಹಕ್ಕು ಅವರಿಗೇ ಸಿಗಲಿ ಎಂದು ಅರ್ಜಿ ತಯಾರಿಸುವುದು ನಮ್ಮ ಕಚೇರಿಯ ಕಸುಬು. ಇಪ್ಪತ್ತು ವರ್ಷದಿಂದ ಅದೇ ಕುರ್ಚಿ. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಬೆಂಗಳೂರಿನವರಿಗೆ ಹಿತಕಿದ ಬೇಳೆಯ ಸಾರಿನ ಬಗ್ಗೆ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ಬರುತ್ತದೆ. ಕಾಯಿ ಬಿಡಿಸಿ, ಕಾಳನ್ನು ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿತುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಬೀಳುತ್ತದೆ. ಒಂದು ಸಂಸಾರದ ಸಾರಿಗೆ ಅರ್ಧ ದಿನ ಕೂರಬೇಕು. ಬೆರಳು ಕಪ್ಪಾಗಿ, ಉಗುರಿನ ಸಂದು ಸೀಳುತ್ತದೆ. ಮೇಡಂ ಬೆಳೆದ ಮನೆಯಲ್ಲಿ ಹದಿನಾಲ್ಕು ಜನ. ಅವರ ತಾಯಿ ಆ ಎರಡು ತಿಂಗಳು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಓಡಾಡುತ್ತಿದ್ದರಂತೆ. ಊಟಕ್ಕೆ ಕೂತವರು ಸಾರನ್ನು ಹೊಗಳಿದ್ದೇ ಹೊಗಳಿದ್ದು.

"ತಿನ್ನೋವ್ರು ಹದಿನಾಲ್ಕು ಜನ, ಹಿತುಕೋ ಬೆರಳು ಎರಡು," ಎಂದಿದ್ದರು ಒಮ್ಮೆ. "ಇದು ನನಗೆ ಏಳ್ನೇ ಕ್ಲಾಸಲ್ಲೇ ಲೆಕ್ಕ ತಪ್ಪು ಅನ್ನಿಸ್ತು."

ನಿವೃತ್ತರಾದ ಮೇಲೆ ಆ ತಪ್ಪನ್ನು ತಿದ್ದಲು ಕೂತರು. ಎರಡು ಉರುಳೆ, ಒಂದು ಹಿಡಿಕೆ. ಹಿಡಿಕೆ ತಿರುಗಿಸಿದರೆ ನೆನೆದ ಕಾಳು ಉರುಳೆಗಳ ನಡುವೆ ಹೋಗಿ ಸಿಪ್ಪೆ ಕಳಚಬೇಕು. ಕೇಳಲು ಸುಲಭ. ಮೊದಲ ಸಲ ಕಾಳೆಲ್ಲ ಅಪ್ಪಚ್ಚಿಯಾಯಿತು. ಎರಡು ಉರುಳೆ ಒಂದೇ ವೇಗದಲ್ಲಿ ತಿರುಗಿದರೆ ಕಾಳು ನಜ್ಜುಗುಜ್ಜಾಗುತ್ತದೆ, ಒಂದು ಜೋರಾಗಿ ಇನ್ನೊಂದು ನಿಧಾನವಾಗಿ ತಿರುಗಿದರೆ ಸಿಪ್ಪೆ ಮಾತ್ರ ಜಾರುತ್ತದೆ ಎಂಬುದು ಹೊಳೆಯಲು ಅವರಿಗೆ ಒಂದು ಇಡೀ ಚಳಿಗಾಲ ಬೇಕಾಯಿತು. ತಾಯಿಯ ಬೆರಳುಗಳನ್ನು ನೆನಪು ಮಾಡಿಕೊಂಡು ತಮ್ಮ ಬೆರಳನ್ನೇ ನೋಡುತ್ತ ಕೂತಾಗ ಹೊಳೆಯಿತಂತೆ: ಹೆಬ್ಬೆರಳು ಸರಿಯುತ್ತದೆ, ತೋರುಬೆರಳು ನಿಂತಿರುತ್ತದೆ. ಓಕಳಿಪುರಂನ ಒಬ್ಬ ಲೇತ್ ಕೆಲಸದವರಿಂದ ಬೇರೆಬೇರೆ ಹಲ್ಲಿನ ಎರಡು ಚಕ್ರ ಮಾಡಿಸಿದರು. ಕಾಳಿನ ಗಾತ್ರಕ್ಕೆ ತಕ್ಕಂತೆ ಉರುಳೆಗಳ ನಡುವಿನ ಸಂದನ್ನು ಹಿಗ್ಗಿಸಿ ಕುಗ್ಗಿಸಲು ಪಕ್ಕದಲ್ಲೊಂದು ಸ್ಕ್ರೂ ಇಟ್ಟರು. ನೂರು ಕಾಳು ಹಾಕಿದರೆ ಮೂರಕ್ಕಿಂತ ಹೆಚ್ಚು ಬೇಳೆ ಒಡೆಯಬಾರದು ಎಂಬುದು ಅವರು ತಮಗೇ ಹಾಕಿಕೊಂಡ ಷರತ್ತು. ಎಣಿಸಿ ನೋಡುತ್ತಿದ್ದರು.

ಮೊದಲ ಪ್ರಯೋಗ ನಮ್ಮ ಮನೆಯಲ್ಲಿ ನಡೆಯಿತು. ಉರುಳೆಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದ್ದರು. ಬೇಳೆ ಚೆನ್ನಾಗಿ ಬಂತು, ಸಾರು ಮಾತ್ರ ಪಂಕ್ಚರ್ ಅಂಗಡಿಯ ವಾಸನೆ ಹೊಡೆಯಿತು. ನಾನು ಎರಡು ತುತ್ತು ತಿಂದು ಎದ್ದುಬಿಟ್ಟೆ. ಮೇಡಂ ಪೂರ್ತಿ ತಟ್ಟೆ ಖಾಲಿ ಮಾಡಿ, ತಪ್ಪು ರಬ್ಬರಿನದು, ಸಾರಿನದಲ್ಲ ಎಂದು ನನ್ನ ಹೆಂಡತಿಯ ಬೆನ್ನು ತಟ್ಟಿ ಹೋದರು. ಆಮೇಲೆ ಅಡುಗೆಗೆ ಆಗುವಂಥ ಬಿಳಿ ರಬ್ಬರು ಹುಡುಕಿಕೊಂಡು ಊರೆಲ್ಲ ಸುತ್ತಿದರು.

ಆ ವರ್ಷದ ಸಂಕ್ರಾಂತಿ ಬಂತು. ಅವತ್ತು ನಮ್ಮ ಕಡೆ ಕಾಲಿಡಲು ಜಾಗ ಇರುವುದಿಲ್ಲ. ನಮ್ಮ ಗವಿ ದೇವಸ್ಥಾನದೊಳಗೆ ಲಿಂಗದ ಮೇಲೆ ಸೂರ್ಯನ ಕಿರಣ ಬೀಳುವುದನ್ನು ನೋಡಲು ಬಂದವರ ಸಾಲು ನಮ್ಮ ಬಾಗಿಲತನಕ ಇರುತ್ತದೆ. ಜನ ಕರಗಿದ ಮೇಲೆ ಸಂಜೆ ಹೆಂಗಸರು ಮನೆಮನೆಗೆ ಎಳ್ಳು ಬೀರಲು ಹೊರಡುತ್ತಾರೆ. ಮೇಡಂ ಆ ಸಲ ಒಂದು ಕೈಯಲ್ಲಿ ಎಳ್ಳು, ಸಕ್ಕರೆ ಅಚ್ಚು, ಕಬ್ಬಿನ ತುಂಡಿನ ತಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಯಂತ್ರದ ಚೀಲ ಹಿಡಿದು ಬಂದರು. ಮೂರು ಯಂತ್ರ ತಯಾರಾಗಿದ್ದವು. ಬೀದಿಯ ಹನ್ನೊಂದು ಮನೆಗೂ ಸರದಿಯಲ್ಲಿ ಕೊಟ್ಟರು. ಉಪಯೋಗಿಸಿ, ಬೈಯಿರಿ, ಪಕ್ಕದ ಮನೆಗೆ ಕೊಡಿ ಎಂದು ಹೇಳಿದರು.

ಆ ಸಂಜೆ ನನ್ನ ಹೆಂಡತಿ ಕೇಳಿದಳು: ಇದನ್ನ ನಿಮ್ಮ ಆಫೀಸಲ್ಲಿ ಬರೆಸ್ಬೇಕಲ್ವಾ? ನಾನು ನಕ್ಕುಬಿಟ್ಟೆ. "ಬೇಳೆ ಹಿತುಕೋದಕ್ಕೆ ಪೇಟೆಂಟಾ?" ಎಂದೆ. ಹಗಲೆಲ್ಲ ಯಾರ್ಯಾರದೋ ಪಂಪು, ಕವಾಟ, ಬೇರಿಂಗುಗಳ ಅರ್ಜಿ ಟೈಪು ಮಾಡುವ ನನಗೆ ಅಡುಗೆಮನೆಯ ಕಟ್ಟೆಯ ಮೇಲೆ ಕೂತಿದ್ದದ್ದು ಆವಿಷ್ಕಾರ ಎಂದು ಅನ್ನಿಸಲೇ ಇಲ್ಲ. ನನಗೆ ಕಾನೂನು ಗೊತ್ತಿತ್ತು. ವಸ್ತು ಜನರ ಕೈಗೆ ಹೋಗುವ ಮೊದಲೇ, ತಪ್ಪಿದರೆ ಕೂಡಲೇ, ಅರ್ಜಿ ಹಾಕಬೇಕು. ಒಮ್ಮೆ ಬೀದಿಗೆ ಗೊತ್ತಾದದ್ದು ಕಾನೂನಿನ ಕಣ್ಣಿಗೆ ಹೊಸದಲ್ಲ. ಇದನ್ನು ಎದುರು ಮನೆಗೆ ಹೋಗಿ ಹೇಳಲು ಇಪ್ಪತ್ತು ಹೆಜ್ಜೆ ಸಾಕಿತ್ತು. ನಾನು ಹೋಗಲಿಲ್ಲ.

ಹನ್ನೊಂದು ಮನೆಯವರೂ ಚೆನ್ನಾಗಿಯೇ ಬೈದರು. ಯಂತ್ರ ಕಟ್ಟೆಯ ಮೇಲೆ ಜಾರುತ್ತದೆ, ತೊಳೆಯಲು ಕಷ್ಟ, ಸಿಪ್ಪೆ ಸಿಕ್ಕಿಕೊಳ್ಳುತ್ತದೆ. ಏಳನೇ ಮನೆಯವರು ಎಡಚರು. ಹಿಡಿಕೆ ನನ್ನ ಕೈಗೆ ಉಲ್ಟಾ ಎಂದರು. ಮೇಡಂ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದುಕೊಂಡು ಮುಂದಿನ ಚಳಿಗಾಲದೊಳಗೆ ಒಂದೊಂದನ್ನೂ ಸರಿಮಾಡಿದರು. ಹಿಡಿಕೆಯನ್ನು ಎಡಕ್ಕೂ ಬಲಕ್ಕೂ ಸಿಕ್ಕಿಸುವ ಹಾಗೆ ಮಾಡಿದರು. ಒಂಬತ್ತನೇ ಮನೆಯವರಿಗೂ ಅವರಿಗೂ ಮೋರಿ ನೀರಿನ ವಿಷಯದಲ್ಲಿ ಮಾತು ಬಿಟ್ಟು ಹೋಗಿತ್ತು. ಆದರೂ ಯಂತ್ರ ಅಲ್ಲಿಗೆ ಹೋಯಿತು, ಬೈಗುಳ ಅಲ್ಲಿಂದಲೂ ಬಂತು, ಎಂಟನೇ ಮನೆಯವರ ಮೂಲಕ.

ಎರಡನೇ ಸಂಕ್ರಾಂತಿಯೂ ಕಳೆದ ಮೇಲೆ, ಇನ್ನು ಇದು ಅಂಗಡಿಗೆ ಹೋಗುವ ವಸ್ತು ಎಂದು ಅವರಿಗೆ ಅನ್ನಿಸಿತು. ಆಗ ನನ್ನ ಮನೆಗೆ ಬಂದು, ನಿಮ್ಮ ಸಾಹೇಬರ ಹತ್ತಿರ ಕರೆದುಕೊಂಡು ಹೋಗಿ ಎಂದರು. ಹೋದೆವು. ಸಾಹೇಬರು ಯಂತ್ರವನ್ನು ಮೇಜಿನ ಮೇಲಿಟ್ಟು ತಿರುಗಿಸಿ ನೋಡಿ, ನಿಜವಾಗಿಯೂ ಮೆಚ್ಚಿ, ಅಭ್ಯಾಸದ ಪ್ರಶ್ನೆ ಕೇಳಿದರು: ಇದನ್ನು ಇದುವರೆಗೆ ಯಾರಾದರೂ ನೋಡಿದ್ದಾರಾ? ಮೇಡಂ ಹೆಮ್ಮೆಯಿಂದ, ಇಡೀ ಬೀದಿಯೇ ನೋಡಿದೆ, ಎರಡು ಚಳಿಗಾಲದಿಂದ ಉಪಯೋಗಿಸುತ್ತಿದೆ ಎಂದರು. ಸಾಹೇಬರು ಪೆನ್ನು ಕೆಳಗಿಟ್ಟರು. ಒಂದು ವರ್ಷದೊಳಗೆ ಬಂದಿದ್ದರೆ, ಪರೀಕ್ಷೆಗೆ ಕೊಟ್ಟದ್ದು ಎಂದು ವಾದಿಸಬಹುದಿತ್ತೇನೋ. ಈಗ ಕಷ್ಟ ಎಂದರು. ನಾನು ನೆಲ ನೋಡುತ್ತ ನಿಂತಿದ್ದೆ.

ಹೊರಗೆ ಬಂದ ಮೇಲೆ ನಾನು ಅವರಿಗೆ ಒಂದು ದಾರಿ ತೋರಿಸಿದೆ. ಯಾರೂ ನೋಡಿಲ್ಲ ಎಂದು ಬರೆದುಬಿಡೋಣ, ನಮ್ಮ ಬೀದಿಯವರು ಬಾಯಿ ಬಿಡುವವರಲ್ಲ, ಬೇರೆ ಕಚೇರಿಯಲ್ಲಿ ಅರ್ಜಿ ಹಾಕಿಸುತ್ತೇನೆ ಎಂದೆ. ನನ್ನ ತಪ್ಪನ್ನು ಮುಚ್ಚಿಕೊಳ್ಳುವ ಆತುರ ಅದು. ಮೇಡಂ ಫುಟ್‌ಪಾತಿನ ಮೇಲೆ ನಿಂತರು.

"ಅವ್ರು ಕಾಳು ನೆನೆಸಿದಾರೆ, ಹಿತುಕಿದಾರೆ, ಸಾರು ಮಾಡಿ ತಿಂದಿದಾರೆ. ಸಾಲದು ಅಂತ ನನ್ನ ಬೈದೂ ಇದಾರೆ. ಅವ್ರು ಬೈದಿದ್ದಕ್ಕೇ ಇದು ಸರಿಹೋಗಿದ್ದು. ಈಗ ಅವ್ರು ನೋಡೇ ಇಲ್ಲ ಅಂತ ನಾನು ಸೈನ್ ಹಾಕ್ಬೇಕಾ?"

ಹಾಕಲಿಲ್ಲ. ನಾನು ಎರಡು ಮೂರು ಸಲ ಕೇಳಿದೆ. ಮೂರನೇ ಸಲ ಅವರು ನನ್ನ ಮುಖದ ಮೇಲೇ ಬಾಗಿಲು ಹಾಕಿದರು. ಶಾಂತ ಸ್ವಭಾವ!

ಪೇಟೆಂಟ್ ಇಲ್ಲದಿದ್ದರೇನು, ಮಾಡಿ ಮಾರುತ್ತೇನೆ ಎಂದು ಹೊರಟರು. ಎರಡು ತಿಂಗಳ ಸೀಸನ್ನಿನ ವಸ್ತುವನ್ನು ಯಾರು ಕೊಳ್ಳುತ್ತಾರೆ ಎಂದು ಕೇಳಿದ ಅಂಗಡಿಯವರೇ ಹೆಚ್ಚು. ಅದರಲ್ಲೇ ಚಪಾತಿ ಒತ್ತುವ ಹಾಗೆ, ತೆಂಗಿನಕಾಯಿ ತುರಿಯುವ ಹಾಗೆ ಮಾಡಿ ಎಂದು ಒಬ್ಬರು ಸಲಹೆ ಕೊಟ್ಟರು. ನಿಮ್ಮ ಅಂಗಡಿಯಲ್ಲಿ ಹಪ್ಪಳದ ಜೊತೆ ಚಪ್ಪಲಿಯನ್ನೂ ಮಾರಿ ಎಂದು ಮೇಡಂ ಅವರಿಗೆ ಮರುಸಲಹೆ ಕೊಟ್ಟು ಬಂದರು. ಕೊನೆಗೆ ಗಾಂಧಿ ಬಜಾರಿನಲ್ಲಿ ಅವರೆಕಾಯಿ ರಾಶಿ ಹಾಕಿಕೊಂಡು ಕೂರುವ ಒಬ್ಬಾಕೆಯ ಪಕ್ಕದಲ್ಲೇ ಸ್ಟೂಲು ಹಾಕಿ ಕೂತು, ಅವಳ ಕಾಳನ್ನೇ ಹಿತುಕಿ ತೋರಿಸಿ ಮಾರಿದರು. ಮೂವತ್ತು ಯಂತ್ರ ಒಂದೇ ವಾರಕ್ಕೆ ಖಾಲಿಯಾದವು. ಓಕಳಿಪುರಂನ ಲೇತಿನವರಿಗೆ ಉಸಿರಾಡಲು ಬಿಡುವಿಲ್ಲದ ಕೆಲಸ ಬಂತು.

ಆಗ ಒಂದು ಅಡುಗೆ ಸಾಮಾನಿನ ಕಂಪನಿಯವರು ಕಾರಿನಲ್ಲಿ ಬಂದರು. ನಾನೂ ಇದ್ದೆ. ತುಂಬ ಮರ್ಯಾದೆಯಿಂದಲೇ ಮಾತಾಡಿದರು. ನಿಮ್ಮ ಯಂತ್ರವನ್ನು ನಾವು ಮಾಡುತ್ತೇವೆ, ಊರೂರಿಗೆ ತಲುಪಿಸುತ್ತೇವೆ. ಆದರೆ ಬೇರೆಬೇರೆ ಹಲ್ಲಿನ ಚಕ್ರ ದುಬಾರಿ, ಎರಡೂ ಒಂದೇ ಇರಲಿ. ಸಂದು ಹೊಂದಿಸುವ ಸ್ಕ್ರೂ ಬೇಡ, ಗಿರಾಕಿಗೆ ಗೊಂದಲ. ಸ್ವಲ್ಪ ಬೇಳೆ ಒಡೆಯುತ್ತದೆ, ಒಡೆಯಲಿ. ಸಾರಿನಲ್ಲಿ ಬೆಂದ ಮೇಲೆ ಒಡೆದದ್ದು ಯಾರಿಗೆ ಕಾಣುತ್ತದೆ?

"ನಮ್ಮಮ್ಮಂಗೆ ಕಾಣ್ತಿತ್ತು," ಎಂದರು ಮೇಡಂ. ಮಾತುಕತೆ ಅಲ್ಲಿಗೆ ಮುಗಿಯಿತು. ಆದರೂ ಕಾಫಿ ಕೊಟ್ಟರು. ಹೊರಡುವಾಗ ಅವರಲ್ಲೊಬ್ಬ ಯಂತ್ರದ ಫೋಟೋ ತೆಗೆಯಲೇ ಎಂದು ಕೇಳಿದ. ಮೇಡಂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಲ್ಲುಚಕ್ರ ಕಾಣುವ ಹಾಗೆ ತಿರುಗಿಸಿ ತೋರಿಸಿದರು. ಅಡಗಿಸುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

ಒಂದು ವರ್ಷ ಕಳೆದಿರಬೇಕು. ಪ್ರಕಟವಾದ ಹೊಸ ಅರ್ಜಿಗಳ ಪಟ್ಟಿ ವಾರವಾರ ಬರುತ್ತದೆ, ಅದನ್ನು ನೋಡುವುದು ನನ್ನ ಕೆಲಸ. ಒಂದು ಬೆಳಗ್ಗೆ ಅದರಲ್ಲಿ ಕಾಳಿನ ಸಿಪ್ಪೆ ಬಿಡಿಸುವ ಸಾಧನ ಎಂದಿತ್ತು. ಚಿತ್ರ ತೆಗೆದು ನೋಡಿದೆ. ಎರಡು ಉರುಳೆ, ಬೇರೆಬೇರೆ ಹಲ್ಲಿನ ಚಕ್ರ, ಪಕ್ಕದಲ್ಲಿ ಸ್ಕ್ರೂ. ದುಬಾರಿ ಎಂದು ಬೇಡವಾಗಿದ್ದ ಚಕ್ರ ಹಕ್ಕು ಕೇಳುವಾಗ ಬೇಕಾಗಿತ್ತು. ಎಡಕ್ಕೂ ಬಲಕ್ಕೂ ಸಿಕ್ಕಿಸುವ ಹಿಡಿಕೆ ಕೂಡ ಇತ್ತು. ನಮ್ಮ ಏಳನೇ ಮನೆಯವರ ಎಡಗೈ ಆ ಚಿತ್ರದಲ್ಲಿ ಬಂದು ಕೂತಿತ್ತು. ಕಂಡುಹಿಡಿದವರು ಎಂಬ ಕಡೆ ಆ ಕಾರಿನಲ್ಲಿ ಬಂದಿದ್ದವರ ಹೆಸರು. ಅವರಿಗೆ ಹಕ್ಕು ಸಿಕ್ಕಿದರೆ ಮೇಡಂ ತಮ್ಮದೇ ಯಂತ್ರವನ್ನು ಮಾಡುವ ಹಾಗಿಲ್ಲ, ಮಾರುವ ಹಾಗಿಲ್ಲ. ಬೇಳೆ ಒಡೆಯುವ ಯಂತ್ರ ಮಾತ್ರ ಊರಲ್ಲಿ ಉಳಿಯುತ್ತದೆ. ಚಿತ್ರದ ಪ್ರಿಂಟ್ ತೆಗೆದೆ. ರಜೆ ಹಾಕಿ ಎದುರು ಮನೆಗೆ ಓಡಿದೆ.

ಮೇಡಂ ಪ್ರಿಂಟ್ ತೆಗೆದುಕೊಂಡು ಬೆಳಕಿಗೆ ಹೋದರು. ಕ್ಯಾಲಿಪರ್ ತೆಗೆದು ಚಿತ್ರದ ಮೇಲೇ ಅಳೆದರು. "ಸಂದು ಎಷ್ಟು ದೊಡ್ಡದು ತೋರ್ಸಿದಾರೆ ನೋಡಿ. ಕಾಳು ಹಾಗೇ ಬಿದ್ದೋಗತ್ತೆ. ಕದಿಯೋದಕ್ಕೂ ಅಳತೆ ಬರಲ್ಲ ಇವ್ರಿಗೆ," ಎಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ಕಾಗದ ಕೆಳಗಿಟ್ಟು ನನ್ನನ್ನೇ ನೋಡಿದರು.

"ಬೀದಿಗೆ ಗೊತ್ತಿರೋದು ಹೊಸದಲ್ಲ ಅಂತ ನಿಮ್ಮ ಸಾಹೇಬ್ರು ನನ್ನ ಅರ್ಜಿ ಹಾಕ್ಲಿಲ್ಲ. ಸರಿ. ಹಾಗಾದ್ರೆ ಇವ್ರಿಗೆ ಅದು ಹೇಗೆ ಹೊಸದಾಗತ್ತೆ?"

ಇಪ್ಪತ್ತು ವರ್ಷ ಆ ಕುರ್ಚಿಯಲ್ಲಿ ಕೂತ ನನಗೆ ದಾರಿಯಲ್ಲಿ ಓಡಿಬರುವಾಗ ಹೊಳೆಯದ್ದು ಅವರಿಗೆ ನಿಂತಲ್ಲೇ ಹೊಳೆಯಿತು. ಒಬ್ಬರಿಗೆ ಹಕ್ಕು ಸಿಗುವ ಮೊದಲು ಯಾರು ಬೇಕಾದರೂ ಆಕ್ಷೇಪ ಎತ್ತಬಹುದು. ಇದು ಮೊದಲೇ ಬಳಕೆಯಲ್ಲಿತ್ತು ಎಂದು ತೋರಿಸಿದರೆ ಸಾಕು. ತೋರಿಸಲು ಹನ್ನೊಂದು ಮನೆ ಇತ್ತು.

ಸಾಹೇಬರು ಉತ್ಸಾಹದಿಂದಲೇ ಒಪ್ಪಿ, ಹನ್ನೊಂದು ಹೆಂಗಸರಿಗೂ ಒಂದೇ ತರಹದ, ಸಾಕ್ಷಿ ಹೇಳುವ ಪ್ರಮಾಣಪತ್ರ ಟೈಪು ಮಾಡಿಸಿದರು. ಮೇಡಂ ಅದನ್ನು ವಾಪಸು ಕೊಟ್ಟರು. ಹನ್ನೊಂದು ಮನೆಯ ಸಾರು ಒಂದೇ ರುಚಿ ಇರುವುದಿಲ್ಲ, ಅವರವರು ಹೇಳಿದ್ದನ್ನು ಅವರವರ ಮಾತಿನಲ್ಲೇ ಬರೆಯಿರಿ ಎಂದು ನನಗೆ ಹಚ್ಚಿದರು. ನಾನು ಮನೆಮನೆಗೆ ಹೋಗಿ ಬರೆದುಕೊಂಡೆ. ನಾಲ್ಕನೇ ಮನೆಯ ಅಜ್ಜಿ ಅಡುಗೆಮನೆಯ ಹಳೆಯ ಕ್ಯಾಲೆಂಡರುಗಳನ್ನು ಬಿಸಾಡುವವರಲ್ಲ. ಹಾಲು ಬೇಡ, ಗ್ಯಾಸ್ ಬಂತು ಎಂದೆಲ್ಲ ಬರೆದ ಚೌಕಗಳ ನಡುವೆ, ಆ ಮೊದಲ ಸಂಕ್ರಾಂತಿಯಾದ ಮೂರನೇ ದಿನದ ಚೌಕದಲ್ಲಿ 'ಅವರೆ ಮಿಷನ್ ಬಂತು' ಎಂದೂ, ಅದರ ಮುಂದಿನ ವಾರ 'ಐದನೇ ಮನೆಗೆ ಕೊಟ್ಟೆ' ಎಂದೂ ಇತ್ತು. ಒಂಬತ್ತನೇ ಮನೆಯವರು ಬಾಗಿಲಲ್ಲೇ ನಿಲ್ಲಿಸಿ, "ಮೋರಿ ಜಗಳ ಇನ್ನೂ ಮುಗ್ದಿಲ್ಲ, ಅವ್ರಿಗೆ ಹೇಳಿ. ಎಲ್ಲಿ ಸೈನ್ ಹಾಕ್ಬೇಕು?" ಎಂದರು.

ಮೂರನೇ ಮನೆ ನಮ್ಮದು. ನನ್ನ ಹೆಂಡತಿ ಹೇಳುತ್ತ ಹೋದಳು, ನಾನು ಟೈಪು ಮಾಡುತ್ತ ಹೋದೆ. ರಬ್ಬರಿನ ವಾಸನೆ, ಎರಡು ತುತ್ತು ತಿಂದು ಎದ್ದ ಯಜಮಾನರು, ಎಲ್ಲ ಬಂತು. ಆಮೇಲೆ ಅವಳು, ಇದನ್ನು ನಿಮ್ಮ ಕಚೇರಿಯಲ್ಲಿ ಬರೆಸಬೇಕಲ್ಲವೇ ಎಂದು ಅವತ್ತೇ ನನ್ನ ಯಜಮಾನರನ್ನು ಕೇಳಿದೆ, ಅವರು ನಕ್ಕರು, ಅದನ್ನೂ ಸೇರಿಸಿ ಎಂದಳು. ನಾನು ಕೈ ನಿಲ್ಲಿಸಿ, ಇದು ಯಾಕೆ ಎಂದೆ. ಆ ದಿನ ನನಗೆ ಯಾಕೆ ಅಷ್ಟು ಸ್ಪಷ್ಟವಾಗಿ ನೆನಪಿದೆ ಅಂತ ಅವರಿಗೆ ಗೊತ್ತಾಗಬೇಕಲ್ಲ ಎಂದಳು. ಟೈಪು ಮಾಡಿದೆ. ನನ್ನ ಜೀವನದಲ್ಲಿ ನಾನು ಟೈಪು ಮಾಡಿದ ಅತ್ಯಂತ ಕಷ್ಟದ ಸಾಲು ಅದು.

ವಿಚಾರಣೆ ನಮ್ಮ ಕಚೇರಿಯ ಲ್ಯಾಪ್‌ಟಾಪಿನಲ್ಲೇ ನಡೆಯಿತು. ಪರದೆಯ ಒಂದು ಕಡೆ ಚೆನ್ನೈಯ ಪೇಟೆಂಟ್ ಕಚೇರಿಯಿಂದ ಅಧಿಕಾರಿ, ಇನ್ನೊಂದು ಕಡೆ ಕಂಪನಿಯ ವಕೀಲರು. ಈ ಕಡೆ ಸಾಹೇಬರು, ಮೇಡಂ, ಹಿಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ನಮ್ಮ ಬೀದಿ. ಕಂಪನಿಯ ವಕೀಲರು ಮೆದುವಾಗಿಯೇ ಹೇಳಿದರು: ಇವರೆಲ್ಲ ಒಂದೇ ಬೀದಿಯ ಗೃಹಿಣಿಯರು, ಯಾರೋ ಹೇಳಿಕೊಟ್ಟದ್ದನ್ನು ಬರೆಸಿದ್ದಾರೆ, ಅಡುಗೆ ಗೊತ್ತಿರಬಹುದು, ಯಂತ್ರದೊಳಗೆ ಏನು ನಡೆಯುತ್ತದೆ ಎಂಬುದು ಇವರಿಗೆ ಹೇಗೆ ಗೊತ್ತು? ನಾನು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದ ಹಾಗೆ ಹಿಂದಿನ ಕುರ್ಚಿಗಳು ಕಿರುಗುಟ್ಟಿದವು. ಮೇಡಂ ಎದ್ದು, ಲ್ಯಾಪ್‌ಟಾಪನ್ನು ಹಿಂದಕ್ಕೆ ತಿರುಗಿಸಿ, ನಾಲ್ಕನೇ ಮನೆಯ ಅಜ್ಜಿಯ ಮುಂದೆ ಇಟ್ಟರು.

ನಿಯಮದಲ್ಲಿ ಅದಕ್ಕೆ ಜಾಗ ಇತ್ತೋ ಇಲ್ಲವೋ, ಅಧಿಕಾರಿ ಬೇಡ ಎನ್ನಲಿಲ್ಲ. ಆ ಯಂತ್ರ ಹೇಗೆ ಕೆಲಸ ಮಾಡುತ್ತಿತ್ತು ಎಂದು ಕೇಳಿದರು. ಅಜ್ಜಿ ಸೆರಗು ಹೊದ್ದುಕೊಂಡು, ಒಂದು ಉರುಳೆ ಜೋರಾಗಿ ತಿರುಗುತ್ತದೆ, ಇನ್ನೊಂದು ನಿಧಾನ, ಅದಕ್ಕೇ ಸಿಪ್ಪೆ ಜಾರುತ್ತದೆ ಎಂದರು. ಅದು ನಿಮಗೆ ಆಗಲೇ ಹೇಗೆ ಗೊತ್ತಾಯಿತು, ಯಾರು ಹೇಳಿದರು ಎಂದು ಅಧಿಕಾರಿ ಮತ್ತೆ ಕೇಳಿದರು.

"ಯಾರೂ ಹೇಳ್ಲಿಲ್ಲ. ಹೊಸ ಸಾಮಾನು ಮನೆಗೆ ಬಂದ್ರೆ ಅರಿಶಿನ ಕುಂಕುಮ ಇಡಲ್ವಾ? ಎರಡು ಉರುಳೆ ತುದೀಗೂ ಒಂದೊಂದು ಬೊಟ್ಟು ಇಟ್ಟಿದ್ದೆ. ತಿರುಗ್ಸಿದ್ರೆ ಈ ಬೊಟ್ಟು ಎರಡು ಸಲ ಮೇಲ್ ಬರೋ ಹೊತ್ಗೆ ಆ ಬೊಟ್ಟು ಒಂದ್ಸಲ ಬರ್ತಿತ್ತು. ಕೆಟ್ಟೋಗಿದ್ಯೇನೋ ಅಂತ ಮೇಡಂನ ಕರೆದು ಕೇಳ್ದೆ. ಇಲ್ಲ, ಅದು ಹಾಗೇ ಇರ್ಬೇಕು ಅಂದ್ರು."

ನಾನು ಅನುವಾದ ಮಾಡಿದೆ. ಅಧಿಕಾರಿ ತುಂಬ ಹೊತ್ತು ಬರೆದರು. ಕೆಲವು ವಾರಗಳ ಮೇಲೆ ಆದೇಶ ಬಂತು. ಅರ್ಜಿ ತಿರಸ್ಕೃತ.

ಮೈಸೂರುಪಾಕು ಹಿಡಿದುಕೊಂಡು ಹೋದೆ. ಮೇಡಂ ಹೊಸ ಯಂತ್ರವೊಂದಕ್ಕೆ ಸ್ಕ್ರೂ ಬಿಗಿಯುತ್ತಿದ್ದರು. ಅವರಿಗೂ ಸಿಗಲಿಲ್ಲ ನಿಮಗೂ ಸಿಗಲಿಲ್ಲ, ಎಲ್ಲ ನನ್ನಿಂದ ಆದದ್ದು, ಆ ಸಂಕ್ರಾಂತಿಯ ದಿನವೇ ನಾನು ಬಾಯಿ ಬಿಟ್ಟಿದ್ದರೆ ಇವತ್ತು ಅದು ನಿಮ್ಮದಾಗಿರುತ್ತಿತ್ತು ಎಂದು ಕೊನೆಗೂ ಹೇಳಿದೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ.

"ಹೌದು, ನಿಮ್ದೇ ತಪ್ಪು. ಸಿಕ್ಕಿದ್ರೆ ಬೇಡ ಅಂತಿರ್ಲಿಲ್ಲ ನಾನು. ಆದ್ರೆ ಅವತ್ತು ಫುಟ್‌ಪಾತಲ್ಲಿ ನೀವು ಹೇಳ್ದಂಗೆ ಸುಳ್ಳು ಹೇಳಿ ತಗೊಂಡಿದ್ರೆ, ಈ ಹನ್ನೊಂದು ಮನೆಯವ್ರ ಮುಖ ನಾನು ಹೇಗೆ ನೋಡ್ತಿದ್ದೆ? ಮೈಸೂರ್‌ಪಾಕ್ ಇಲ್ಲಿಡಿ."

ಮುಂದಿನ ಸಂಕ್ರಾಂತಿಗೆ ಅವರು ಎಳ್ಳು ಬೀರಲು ಹೊರಟಾಗ ತಟ್ಟೆಯಲ್ಲಿ ಕಬ್ಬಿನ ತುಂಡಿನ ಪಕ್ಕ ಮಡಿಸಿದ ಒಂದೊಂದು ಹಾಳೆ ಇತ್ತು. ಅವೆನ್ಯೂ ರಸ್ತೆಯಲ್ಲಿ ಅಚ್ಚು ಹಾಕಿಸಿದ್ದರು. ಯಂತ್ರದ ಪೂರ್ತಿ ಚಿತ್ರ, ಚಕ್ರದ ಹಲ್ಲಿನ ಲೆಕ್ಕ, ರಬ್ಬರಿನ ದಪ್ಪ, ಸಂದಿನ ಅಳತೆ. ನಮ್ಮ ಬೀದಿ ಮುಗಿದ ಮೇಲೆ ಪಕ್ಕದ ಬೀದಿಗೆ, ಆಮೇಲೆ ಗವಿಯ ಮುಂದಿನ ಜನಜಂಗುಳಿಯಲ್ಲಿ ಕಂಡವರಿಗೆಲ್ಲ ಕೊಟ್ಟರು. ಹಾಳೆಯ ಕೆಳಗೆ ಎರಡೇ ಮಾತು ಇತ್ತು: ಯಾರು ಬೇಕಾದರೂ ಮಾಡಿ. ಬೇಳೆ ಒಡೆಯಬಾರದು.

ಆ ವರ್ಷದ ಮಳೆಗಾಲದಲ್ಲಿ ಹೋದರು. ಮೂರೇ ದಿನದ ಆಸ್ಪತ್ರೆ. ಅಲ್ಲಿಯೂ ಸಲೈನಿನ ಹನಿ ಎಣಿಸಿ, ನರ್ಸಮ್ಮನಿಗೆ ವೇಗ ಜಾಸ್ತಿಯಾಗಿದೆ ಎಂದು ಹೇಳಿದ್ದರಂತೆ. ಅವರ ಉಪಕರಣಗಳೆಲ್ಲ ಓಕಳಿಪುರಂನ ಲೇತಿನವರಿಗೆ ಹೋದವು. ಕ್ಯಾಲಿಪರನ್ನು ಒಂದು ಬಟ್ಟೆಯಲ್ಲಿ ಸುತ್ತಿ ಮೇಲೆ ನನ್ನ ಹೆಂಡತಿಯ ಹೆಸರು ಬರೆದಿಟ್ಟಿದ್ದರು. ನನ್ನ ಹೆಸರಲ್ಲ. ಅದು ಸರಿಯಾಗಿಯೇ ಇತ್ತು.

ಈ ಚಳಿಗಾಲ ಗಾಂಧಿ ಬಜಾರಿನಲ್ಲಿ ಅವರೆಕಾಯಿಯ ರಾಶಿಗಳ ಎದುರಿನ ಅಂಗಡಿಯಲ್ಲಿ ಹಸಿರು ಬಣ್ಣದ ಪ್ಲಾಸ್ಟಿಕ್ಕಿನ ಯಂತ್ರಗಳನ್ನು ಜೋಡಿಸಿದ್ದರು. ಯಾವುದೋ ಹೊಸ ಕಂಪನಿಯ ಹೆಸರು, ರಚನೆ ಮಾತ್ರ ಮೇಡಂ ಹಂಚಿದ ಹಾಳೆಯದೇ. ಅಂಗಡಿಯಾತ ಒಂದು ಹಿಡಿ ನೆನೆದ ಕಾಳು ಹಾಕಿ ಜನರ ಮುಂದೆ ತಿರುಗಿಸುತ್ತಿದ್ದ. ಬೇಳೆ ಅರ್ಧಕ್ಕರ್ಧ ಒಡೆದು ಬೀಳುತ್ತಿತ್ತು. ನಾನು, ನಡಿ ಹೋಗೋಣ ಎಂದೆ. ನನ್ನ ಹೆಂಡತಿ ಹೋಗಲಿಲ್ಲ. ಕೈಚೀಲದಿಂದ ಕ್ಯಾಲಿಪರ್ ತೆಗೆದು ಉರುಳೆಗಳ ಸಂದಿಗೆ ಇಟ್ಟಳು. ಅಂಗಡಿಯಾತ ಗಾಬರಿಯಾಗಿ, ಕಂಪನಿಯಿಂದ ಚೆಕಿಂಗ್‌ಗೆ ಬಂದಿದೀರಾ ಮೇಡಂ ಎಂದು ಕೇಳಿದ.

"ಇಲ್ಲಪ್ಪ, ಮೂರನೇ ಮನೆಯವ್ರು," ಎಂದಳು. "ಸ್ಕ್ರೂಡ್ರೈವರ್ ಕೊಡು."

ಪಕ್ಕದ ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿದಳು, ಅಳೆದಳು, ಇನ್ನೊಂದು ಚೂರು ತಿರುಗಿಸಿದಳು. ಆಮೇಲೆ ಯಂತ್ರವನ್ನು ಅವನ ಕಡೆಗೆ ತಳ್ಳಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಈಗ ನೂರು ಕಾಳು ಎಣಿಸಿ ಹಾಕು."